ಮೂವತ್ತೊಂಬತ್ತು ಡಿಗ್ರಿಯ ಬಾಣಂತನ

23 ಏಪ್ರಿಲ್ 1990, ಸೋಮವಾರ. ಮಧ್ಯಾಹ್ನ 2

ಮತ್ತೆ ಶೇಗಡಿ ಬಂತು. ಇವತ್ತಿಗೆ ಮೂರನೇ ಸಲ. ಕೆಂಡ ನಿಗಿನಿಗಿ. ಮೇಲೆ ಅಜವಾನ, ಲೋಬಾನ. ಮಂಚದ ಕೆಳಗೆ ತಳ್ಳಿ, ಕದ ಎಳೆದುಕೊಂಡು ಹೋದಳು ಅವ್ವ. ಹೊರಗೆ ಹೈದರಾಬಾದಿನ ಬಿಸಿಲು, ಒಳಗೆ ಅವ್ವನ ಬಿಸಿಲು.

ಹೆತ್ತು ಹತ್ತನೇ ದಿನ. ಕಿಟಕಿಯ ಸಂದಿಗೆಲ್ಲ ಹಳೆ ಪೇಪರ್ ತುರುಕಿದ್ದಾಳೆ. ಕಿವಿಯಲ್ಲಿ ಹತ್ತಿ, ತಲೆಗೆ ಬಟ್ಟೆ, ಹೊಟ್ಟೆಗೆ ಬಿಗಿದ ಸೀರೆ, ಕಾಲಿಗೆ ಉಣ್ಣೆ ಸಾಕ್ಸ್. ಕೂಸಿಗೆ ಜಬಲಾ, ಅದರ ಮೇಲೆ ಸ್ವೆಟರ್, ಕುಲಾವಿ, ಆಮೇಲೆ ಕೌದಿ. ಮುಖ ಒಂದು ಕಾಣುತ್ತದೆ, ಅದೂ ಕೆಂಪಗೆ. ಫ್ಯಾನಿನ ರೆಕ್ಕೆಗೆ ಹಗ್ಗ ಕಟ್ಟಿದ್ದಾಳೆ ಮಹಾತಾಯಿ, ನಾನು ಹಾಕಿಕೊಳ್ಳಬಾರದು ಅಂತ!

ಬಾಣಂತಿ ಓದಬಾರದು, ಬರೆಯಬಾರದು, ಕಣ್ಣು ಹೋಗುತ್ತವಂತೆ. ಅದಕ್ಕೇ ಬರೆಯುತ್ತಿದ್ದೇನೆ. ಲ್ಯಾಬಿನ ನೋಟ್‌ಬುಕ್ಕು, ದಿಂಬಿನ ಕೆಳಗೆ.

25 ಏಪ್ರಿಲ್. ಬೆಳಿಗ್ಗೆ 11

ನಿನ್ನೆ ಸಂಜೆ ಸೋಮಣ್ಣ ಬಂದಿದ್ದರು. ನನ್ನ ಗಂಡ. ಬೇಗಂಪೇಟೆಯ ಆಫೀಸಿನಿಂದ ಕಾಚಿಗೂಡದ ನನ್ನ ತವರಿಗೆ ಬರಲು ದಿನಾ ಆಗುವುದಿಲ್ಲವಂತೆ. ಹೇಳಿದ್ದನ್ನು ಮಾತ್ರ ತಂದರು — ಗೋಡೆಗೆ ನೇತುಹಾಕುವ ಥರ್ಮಾಮೀಟರ್ ಒಂದು, ಜ್ವರದ್ದು ಒಂದು. ಅರಿವೆ ಗಂಟಿನಲ್ಲಿ ಬಚ್ಚಿಟ್ಟೆ.

ಕೋಣೆ 39. ಅಯ್ಯೋ ನನ್ನ ಕರ್ಮವೇ.

ಆರು ವರ್ಷ ಇದೇ ಕೆಲಸ ಮಾಡಿದ್ದೇನೆ. ಬಾಯ್ಲರ್ ಕೆಲಸದವರ ಬಟ್ಟೆ ಪರೀಕ್ಷೆ. ಬಿಸಿ ಕೋಣೆಯಲ್ಲಿ ಗಂಡಸರನ್ನು ಕೂರಿಸಿ, ಎದೆ, ತೋಳು, ತೊಡೆ, ಮೀನಖಂಡಕ್ಕೆ ತಂತಿ ಅಂಟಿಸಿ ಚರ್ಮದ ಉಷ್ಣ ಬರೆದುಕೊಳ್ಳುವುದು. ಚರ್ಮ 33, 34 ಇದ್ದರೆ ಮನುಷ್ಯ ಸುಮ್ಮನಿರುತ್ತಾನೆ. 35 ದಾಟಿದರೆ ಬೈಯಲು ಶುರು ಮಾಡುತ್ತಾನೆ. ಗಾಳಿಯೇ ಮೈಗಿಂತ ಬಿಸಿ ಇದ್ದಾಗ ಬೆವರೊಂದೇ ಗತಿ, ಮೇಲೆ ಉಣ್ಣೆ ಹೊದಿಸಿದರೆ ಆ ಬೆವರೂ ಆರುವುದಿಲ್ಲ. ಹತ್ತು ದಿನದ ಕೂಸಿಗೆ ಬೆವರಲು ಸರಿಯಾಗಿ ಬರುವುದೂ ಇಲ್ಲ. ಲ್ಯಾಬಿನಲ್ಲಿ ಎರಡು ತಾಸಿಗೆ ಮನುಷ್ಯನನ್ನು ಹೊರಗೆ ಬಿಡಲೇಬೇಕು ಅಂತ ರೂಲ್ ಇದೆ. ಇಲ್ಲಿ ಯಾವ ರೂಲೂ ಇಲ್ಲ. ಅವ್ವನೇ ರೂಲು.

ನೀರು ಕೇಳಿದೆ. ಅರ್ಧ ಲೋಟ ಕಾದ ನೀರು ಕೊಟ್ಟಳು. "ಬಾಣಂತಿಗೆ ನೀರು ಭಾಳ ಕೊಟ್ರ ಹೊಟ್ಟಿ ಬರತೈತಿ. ಸುಮ್ನ ಕೂಡು."

27 ಏಪ್ರಿಲ್

ಇವತ್ತು ಜಗಳ. ಕುಲಾವಿ ತೆಗೆದಿದ್ದೆ. ಕೂಸಿನ ನೆತ್ತಿಯ ಮೇಲೆ ಬೆವರುಸಾಲೆ, ಕತ್ತಿನ ಸುತ್ತ ಕೆಂಪು ಗುಳ್ಳೆ. ಅವ್ವ ಬಂದವಳೇ ನನ್ನ ಕೈಯಿಂದ ಕಸಿದು ಮತ್ತೆ ಕಟ್ಟಿದಳು.

"ನೆತ್ತಿ ಇನ್ನಾ ಕೂಡಿಲ್ಲ. ಗಾಳಿ ಹೊಕ್ತಂದ್ರ ಏನ್ ಮಾಡ್ತಿ?"

"ಗಾಳಿ ಎಲ್ಲಿಂದ ಬರತೈತಿ ಅವ್ವ? ಇರುವಿ ಬರಾಕ ಸಂದಿ ಬಿಟ್ಟಿಲ್ಲ ನೀ. ಇಲ್ಲಿ ನೋಡು, ಮೂವತ್ತೊಂಬತ್ತು."

ತೋರಿಸಬಾರದಿತ್ತು. ಥರ್ಮಾಮೀಟರನ್ನು ಹಾವು ನೋಡಿದಂತೆ ನೋಡಿದಳು.

"ಹನ್ನೆರಡು ಬಾಣಂತನ ಮಾಡೀನಿ ಈ ಕೈಲೆ. ನಿಮ್ಮ ಅತ್ಯಾರದು, ಚಿಗವ್ವಗೋಳದು, ನಿಮ್ಮ ಅಕ್ಕಂದು ಎರಡು. ಒಂದ ಕೂಸರ ಕೆಮ್ಮೈತೇನ್ ಕೇಳು. ಓದಿ ಓದಿ ಮರುಳಾದ ಕೂಚಂಭಟ್ಟ ಅಂದಂಗ, ಇವಳೊಬ್ಬಾಕಿ ಕಡ್ಡಿ ಹಿಡಕೊಂಡು ಬಂದಾಳ ನನಗ ಹೇಳಾಕ!"

ಅಪ್ಪನನ್ನು ಕೂಗಿದೆ. ಚನ್ನಬಸಪ್ಪನವರು, ಅಬಿಡ್ಸ್ ಪೋಸ್ಟಾಫೀಸಿನಲ್ಲಿ ಮೂವತ್ತು ವರ್ಷ ಕೌಂಟರಿನ ಹಿಂದೆ ಕೂತು ಲೋಕದ ಜಗಳ ಬಿಡಿಸಿದವರು. ಹೊಸ್ತಿಲಾಚೆಯೇ ನಿಂತು, "ನಿಮ್ಮವ್ವಗ ಗೊತ್ತಿರತೈತಿ ಬಿಡವ್ವ," ಅಂದರು. ಪೇಪರ್ ಹಿಡಿದು ವರಾಂಡಕ್ಕೆ ಹೋದರು. ಗಂಡಸರೆಲ್ಲ ಒಂದೇ ತಳಿ.

29 ಏಪ್ರಿಲ್, ಭಾನುವಾರ

ಸೋಮಣ್ಣ ಕೂಲರ್ ತಂದರು, ಆಟೋದಲ್ಲಿ. ತಂದರು ಅಷ್ಟೇ. ಅವ್ವ ಬಾಗಿಲಲ್ಲೇ ತಡೆದಳು.

"ಅಳ್ಯಾರ, ಬಾಣಂತಿ ಕೋಣಿಗೆ ಒದ್ದಿ ಗಾಳಿ ಬಿಡ್ತೀರೇನ್ರಿ? ನನ್ನ ಮನ್ಯಾಗ ಆಗಂಗಿಲ್ಲ."

"ಆತ್ ಬಿಡ್ರಿ ಅತ್ತಿ. ನಿಮ್ಮ ಇಷ್ಟ," ಅಂದರು ಅಳಿಯಂದಿರು. ಹೋಳಿಗೆ ಉಂಡು ಹೋದರು. ಕೂಲರ್ ವರಾಂಡದಲ್ಲಿದೆ, ಅದರೊಳಗೆ ಅವ್ವ ಈರುಳ್ಳಿ ಇಟ್ಟಿದ್ದಾಳೆ.

30 ಏಪ್ರಿಲ್. ಸಂಜೆ

ರೇಡಿಯೋ: ಬೇಗಂಪೇಟೆಯಲ್ಲಿ 41. ನನ್ನ ಕೋಣೆ 40. ಶೇಗಡಿ ಹೋಗಿ ಎರಡು ತಾಸಾದರೂ 40.

ಒಂದು ಹೊಳೆಯಿತು. ಅವ್ವನ ಹನ್ನೆರಡು ಬಾಣಂತನಗಳೂ ಗುಲ್ಬರ್ಗದ ಹಿರಿಯರ ಮನೆಯಲ್ಲಿ, ಅಕ್ಕನದಕ್ಕೂ ಅಲ್ಲಿಗೇ ಹೋಗಿದ್ದಳು. ಅಲ್ಲಿ ಎರಡು ಮೊಳದ ಕಲ್ಲುಗೋಡೆ, ಮೇಲೆ ಮಣ್ಣಿನ ಮಾಳಿಗೆ. ನಡು ಬೇಸಿಗೆಯಲ್ಲೂ ಒಳಕೋಣೆಯಲ್ಲಿ ತಂಪು, ಕತ್ತಲು. ಅಲ್ಲಿ ಶೇಗಡಿ ಬೇಕಿತ್ತೇನೋ. ಇಲ್ಲಿ ತಲೆಯ ಮೇಲೆ ಸಿಮೆಂಟ್ ಶೀಟು. ಅವ್ವ ಗುಲ್ಬರ್ಗದ ಮನೆಯ ಬಾಣಂತನವನ್ನು ಹಾಗೇ ಎತ್ತಿ ತಂದು ಶೀಟಿನ ಕೆಳಗೆ ಇಟ್ಟಿದ್ದಾಳೆ. ಹೇಳಿದೆ. ಸಮಾಧಾನವಾಗಿಯೇ ಹೇಳಿದೆ, ಆಣೆ.

"ಮನಿ ಬ್ಯಾರೆ ಆದ್ರ ಕೂಸಿನ ಮೈ ಬ್ಯಾರೆ ಆಕೈತೇನು?" ಅಂದಳು.

ಇವಳ ಜೊತೆ ಮಾತಾಡುವುದಕ್ಕಿಂತ ಗೋಡೆಗೆ ತಲೆ ಚಚ್ಚಿಕೊಳ್ಳುವುದು ವಾಸಿ.

2 ಮೇ, ಬುಧವಾರ. 5 ಗಂಟೆ

ಕೂಸು ಬೆಳಿಗ್ಗೆಯಿಂದ ಹಾಲು ಹಿಡಿಯುತ್ತಿಲ್ಲ. ಲಂಗೋಟಿ ಒಣಗಿದ್ದು ಒಣಗಿದ ಹಾಗೇ ಇದೆ. ಮುಟ್ಟಿದರೆ ಕೈ ಸುಡುತ್ತದೆ. 38.7.

ಅವ್ವ ಮುಟ್ಟಿ ನೋಡಿ, "ನೋಡು, ಥಂಡಿ ಹತ್ತಿ ಜ್ವರಾ ಬಂದಾವ. ಕುಲಾವಿ ತಗದಿದ್ದೆಲ್ಲಾ ಮೊನ್ನೆ," ಅಂದಳು. ಇನ್ನೊಂದು ಕೌದಿ ತಂದಳು. ಇನ್ನೊಂದು ಕೌದಿ! ಶೇಗಡಿಗೆ ಇದ್ದಲು ಹಾಕಲು ಹೋಗಿದ್ದಾಳೆ.

ಈಗ ಕೂಸು ಅಳುವುದನ್ನೂ ಬಿಟ್ಟಿದೆ. ನಾನು ಎದ್ದೆ. ಆಸ್ಪತ್ರೆಗೆ ಹೊರಟೆ. ಯಾರು ತಡೆಯುತ್ತಾರೋ ನೋಡುತ್ತೇನೆ.

3 ಮೇ

ಅಪ್ಪನೇ ಆಟೋ ತಂದರು. ಅವ್ವ ಹಿಂದೆಯೇ ಓಡಿಬಂದು ಹತ್ತಿದಳು, ಕೌದಿ ಹಿಡಿದುಕೊಂಡು.

ಡಾಕ್ಟರಮ್ಮ ತೆಲುಗಿನವರು, ಚಿಕ್ಕ ವಯಸ್ಸು. ಟೇಬಲ್ಲಿನ ಮೇಲಿನ ಗಂಟು ನೋಡಿ, "ಮುಂದು ಬಟ್ಟಲು ತೀಸೇಯಂಡಿ," ಅಂದರು. ಮೊದಲು ಬಟ್ಟೆ ತೆಗೆಯಿರಿ. ಒಂದೊಂದೇ ತೆಗೆದೆ. ಕೌದಿ, ಸ್ವೆಟರ್, ಕುಲಾವಿ, ಸಾಕ್ಸ್, ಜಬಲಾ. ಡಾಕ್ಟರಮ್ಮ ತುಟಿ ಬಿಗಿಹಿಡಿದು ನೋಡುತ್ತಿದ್ದರು. ಉಗುರುಬೆಚ್ಚನೆ ನೀರಿನಲ್ಲಿ ಒರೆಸಿ, ಫ್ಯಾನ್ ಹಾಕಿ, ನನಗೆ ಎರಡು ಲೋಟ ನೀರು ಕುಡಿಸಿ ಹಾಲೂಡಿಸಲು ಕೂರಿಸಿದರು. ಒಂದು ತಾಸಿಗೆ 37.3. ಕೂಸು ಹಾಲು ಕುಡಿದು ನನ್ನ ಮಡಿಲಿನಲ್ಲೇ ಉಚ್ಚೆ ಹೊಯ್ದಿತು. ನಾನು ಅತ್ತುಬಿಟ್ಟೆ.

ಸೋಂಕಿನ ಜ್ವರವಲ್ಲ, ಹೊದಿಸಿದ ಜ್ವರ. ಇನ್ನೆರಡು ತಾಸು ತಡವಾಗಿದ್ದರೆ ಕಷ್ಟವಿತ್ತು ಅಂತ ಅವ್ವನಿಗೆ ಬೈದರು.

ವರಾಂಡದ ಬೆಂಚಿನ ಮೇಲೆ ಹತ್ತು ಜನ ಕೂತಿದ್ದರು. ಅವರೆದುರೇ ಅವ್ವನಿಗೆ ಅಂದೆ: "ನಿನ್ನ ಕೈಯಾಗ ಬಿಟ್ಟಿದ್ರ ನನ್ನ ಕೂಸು ಸಾಯ್ತಿತ್ತು. ಇನ್ನ ನನ್ನ ಕೋಣಿಯೊಳಗ ಕಾಲಿಡಬ್ಯಾಡ ನೀ. ಕೂಸಿನ್ನ ಮುಟ್ಟಬ್ಯಾಡ."

ಅವ್ವ ಕೌದಿ ಮಡಚಿದಳು. ನನಗೆ ಹಗುರವಾಯಿತು. ಹೌದು, ಆಯಿತು. ಯಾಕೆ ಸುಳ್ಳು ಬರೆಯಲಿ?

4 ಮೇ

ಈರುಳ್ಳಿ ಹೊರಗೆ, ಕೂಲರ್ ಕಿಟಕಿಗೆ. ಸೋಮಣ್ಣ ರಜೆ ಹಾಕಿ ಬಂದು ಕೂಡಿಸಿದರು. ಅತ್ತೆ ಸುಮ್ಮನಾದ ಮೇಲೆ ಅಳಿಯನಿಗೆ ಧೈರ್ಯ ಬಂದಿದೆ. ಕಿಟಕಿಯ ಪೇಪರ್, ಫ್ಯಾನಿನ ಹಗ್ಗ, ಎಲ್ಲಾ ಕಿತ್ತೆ.

ಹೊರಗೆ 41, ಕೋಣೆ 30. ಕೂಸಿಗೆ ಒಂದು ತೆಳು ಮಲ್ ಬಟ್ಟೆಯ ಜಬಲಾ, ಅಷ್ಟೇ. ಎದೆ ಬೆಚ್ಚಗೆ, ಕಾಲು ಕೊಂಚ ತಂಪು. ಬೆವರುಸಾಲೆ ಬಾಡುತ್ತಿದೆ. ಗೆದ್ದೆ.

ಅವ್ವ ಅಡುಗೆಮನೆ ಸೇರಿದ್ದಾಳೆ. ತಾಟು ತಂದು ಹೊಸ್ತಿಲ ಮೇಲಿಟ್ಟು ಹೋಗುತ್ತಾಳೆ. ನನ್ನ ಜೊತೆ ಮಾತಿಲ್ಲ. ಒಲೆಯ ಜೊತೆ ಮಾತಾಡುತ್ತಾಳೆ, ನನಗೆ ಕೇಳುವ ಹಾಗೆ. "ಕೇಳವ್ವಾ ಒಲಿ, ನಾ ಕೊಲಿಗಾರ್ತಿ ಅಂತ. ಹಡದ ಮಗಳು ಅಂದಾಳ, ಹತ್ತ ಮಂದ್ಯಾಗ." ಅಂದುಕೊಳ್ಳಲಿ.

ಸಂಜೆ ಅಡುಗೆಮನೆಯ ಲೈಟು ಹಾಕುವುದನ್ನು ನೋಡಿದೆ. ಲಟ್ಟಣಿಗೆಯ ತುದಿಯಿಂದ ಸ್ವಿಚ್ ಒತ್ತುತ್ತಾಳೆ. ಕರೆಂಟಿಗೆ ಹೆದರಿಕೆ, ಮೊದಲಿನಿಂದಲೂ. ಇಂಥವಳ ಕೈಗೆ ನನ್ನ ಕೂಸು ಕೊಟ್ಟಿದ್ದೆ.

6 ಮೇ

ಕೋಣೆ 30. ಕೂಸು 36.8. ಎಲ್ಲಾ ಸರಿ. ನಾನು ಸರಿ ಇಲ್ಲ.

ಹೊಲಿಗೆ ಎಳೆಯುತ್ತವೆ. ಕೂಸಿಗೆ ಎರೆಯಲು ಕಾಲು ಚಾಚಿ ಕೂರಲು ಆಗುವುದಿಲ್ಲ. ಒಬ್ಬಳೇ ಎರೆದೆ. ಜಾರಿತು, ಹಿಡಿದೆ, ಸೋಪು ಕಣ್ಣಿಗೆ ಹೋಯಿತು. ಅವ್ವ ಬಚ್ಚಲ ಬಾಗಿಲಲ್ಲಿ ನಿಂತು ನೋಡಿದಳು. ಕೈ ಚಾಚಲಿಲ್ಲ. ನಾನೂ ಕರೆಯಲಿಲ್ಲ. ಕರೆದರೆ ಸೋತ ಹಾಗೆ.

ನಾಲ್ಕು ದಿನದಲ್ಲಿ ಒಟ್ಟು ಎಂಟು ತಾಸು ನಿದ್ದೆ ಮಾಡಿದ್ದೇನೋ ಇಲ್ಲವೋ.

8 ಮೇ

ಮೋಡ. ಗಾಳಿ ನಿಂತಿದೆ. ಕರಾವಳಿಗೆ ತುಫಾನು ಬರುತ್ತದಂತೆ, ರೇಡಿಯೋದಲ್ಲಿ ಗಂಟೆಗೊಮ್ಮೆ ಅದೇ. ಕೋಣೆ 34, ಕೂಲರ್ ಇದ್ದರೂ ಅಂಟಂಟು. ಗಾಳಿಯಲ್ಲಿ ನೀರಿದ್ದಾಗ ಕೂಲರಿನಿಂದ ಉಪಯೋಗ ಕಡಿಮೆ. ಆದರೂ ನಿಲ್ಲಿಸಲು ಭಯ. ಮತ್ತೆ 38.7 ಆದರೆ?

ಕೂಸು ಕಣ್ಣು ಮುಚ್ಚುತ್ತದೆ, ನಾನು ಮುಚ್ಚಿದ ಕೂಡಲೇ ತೆರೆಯುತ್ತದೆ.

9 ಮೇ, ಬುಧವಾರ. ಮಧ್ಯಾಹ್ನ 1:45

ಒಂದು ಜೊಂಪು ಹತ್ತಿತ್ತು. ಎದ್ದರೆ ಕೂಲರ್ ನಿಂತಿದೆ. ಕರೆಂಟ್ ಇದೆ, ಬಲ್ಬು ಉರಿಯುತ್ತಿದೆ. ಸ್ವಿಚ್ಚಿನ ಮೇಲೆ ಗೋಧಿಹಿಟ್ಟು. ಲಟ್ಟಣಿಗೆ!

ಕಾಲಿಡಬೇಡ ಅಂದರೂ ಬಂದಿದ್ದಾಳೆ. ಕದ್ದು ಬಂದಿದ್ದಾಳೆ. ಕೂಸಿನ ಮೇಲೆ ಒಂದು ದುಪ್ಪಟಿ ಬೇರೆ. ತೆಗೆದು ಬಾಗಿಲ ಹೊರಗೆ ಬಿಸಾಕಿದೆ. ಕೂಲರ್ ಮತ್ತೆ ಹಾಕಿದೆ, ಜೋರಿಗೆ. ಕೂಗಿದೆ ಕೂಡ: "ಇನ್ನೊಮ್ಮಿ ಬಂದಿ ಅಂದ್ರ ನೋಡು!"

ಒಳಗಿನಿಂದ ಚಿಲಕ ಹಾಕಿದ್ದೇನೆ. ಈಗ ಬಾ, ಹೇಗೆ ಬರುತ್ತೀ ನೋಡೋಣ. ಕೋಣೆ 32. ಮಲಗುತ್ತೇನೆ.

11 ಮೇ, ಶುಕ್ರವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆದಿಡುತ್ತೇನೆ. ಆಮೇಲೆ ನನಗೆ ಬೇಕಾದ ಹಾಗೆ ನೆನಪಿಟ್ಟುಕೊಂಡುಬಿಡುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು.

ಮೊನ್ನೆ ಸದ್ದು ನಿಂತಿದ್ದಕ್ಕೆ ಎಚ್ಚರವಾಯಿತು. ಕೂಲರ್ ಇಲ್ಲ, ಬಲ್ಬ್ ಇಲ್ಲ, ಕತ್ತಲು. ಶೀಟಿನ ಮೇಲೆ ಮಳೆ ಕಲ್ಲು ಸುರಿದಂತೆ. ಅದರ ನಡುವೆ ಬಾಗಿಲು ಬಡಿಯುವ ಸದ್ದು. "ವಿಶಾಲೀ! ಕದಾ ತಗಿ! ಕೂಸು! ಏ ನಿನ್ನ ಹೆಣಾ ಎತ್ಲಿ, ಕದಾ ತಗಿಯಽ!"

ಐದಕ್ಕೆ ಹತ್ತು ನಿಮಿಷ. ಮೂರು ತಾಸು ಸತ್ತವಳ ಹಾಗೆ ಮಲಗಿದ್ದೆ. ಕೋಣೆ 23. ಕೂಸು ನೇರ ಕೂಲರಿನ ಗಾಳಿಗೆ, ಜಬಲಾ ಉಚ್ಚೆಯಲ್ಲಿ ತೊಯ್ದಿತ್ತು. ಕಾಲು ನೀಲಿ. ಹೊಟ್ಟೆ ಮುಟ್ಟಿದರೆ ಹೊಟ್ಟೆಯೂ ತಣ್ಣಗೆ. ಎತ್ತಿದರೆ ಕೈ ಜೋತುಬಿತ್ತು. ಅಳಲಿಲ್ಲ. ಮೊಲೆ ಇಟ್ಟೆ, ಬಾಯಿ ತೆರೆಯಲಿಲ್ಲ. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟೆ, ಪಾದರಸ ಏಳಲೇ ಇಲ್ಲ. 35ರ ಗೆರೆಯಿಂದಲೇ ಶುರು ಅದು. ಅದರ ಕೆಳಗೆ ಬರೆದುಕೊಳ್ಳಲು ಅಂಕಿಯೇ ಇಲ್ಲ.

ಚಿಲಕ ತೆಗೆದೆ. ಅವ್ವ ತಲೆಯಿಂದ ಕಾಲಿನವರೆಗೆ ತೊಯ್ದಿದ್ದಳು. ಮುಷ್ಟಿಯಲ್ಲಿ ಬಿಳಿ ಪಿಂಗಾಣಿಯ ಫ್ಯೂಸು. ಮೇನ್ ಬೋರ್ಡು ಗೇಟಿನ ಗೋಡೆಗಿದೆ, ಮೇಲೆ ಸೂರಿಲ್ಲ. ಸ್ವಿಚ್ಚನ್ನೂ ಬೆರಳಿನಿಂದ ಮುಟ್ಟದವಳು ಆ ಮಳೆಯಲ್ಲಿ ಸ್ಟೂಲ್ ಹತ್ತಿ ಕೂಲರ್ ನಿಲ್ಲಲೆಂದು ಬರಿಗೈಯಿಂದ ಫ್ಯೂಸ್ ಕಿತ್ತಿದ್ದಳು.

ಒದ್ದೆ ಸೀರೆ, ಕುಪ್ಪಸ ಅಲ್ಲೇ ಬಿಚ್ಚಿ ಎಸೆದಳು. ನನ್ನ ಟವೆಲ್ಲಿನಿಂದ ಎದೆ ಉಜ್ಜಿ ಉಜ್ಜಿ ಒರೆಸಿಕೊಂಡಳು. ಕೂಸಿನ ಜಬಲಾ ಕಿತ್ತು, ಬರಿಮೈ ಕೂಸನ್ನು ಬರಿ ಎದೆಗೆ ಅವಚಿಕೊಂಡು ಗೋಡೆಗೆ ಒರಗಿ ಕೂತಳು. ಆಮೇಲೆ ಅಂದಳು.

"ಕುಲಾವಿ ತಾ."

ತಂದೆ.

"ಕೌದಿ ಹೊದಸು. ಇಬ್ಬರಿಗೂ ಕೂಡಿ. ಶೇಗಡಿ ಹಚ್ಚಿ ತಾ. ಕಿಟಕಿ ಒಂದೀಟ ತೆರದಿಡು, ಹೊಗಿ ಹೋಗ್ಲಿ."

ಶೇಗಡಿ ನಾನೇ ಊದಿದೆ. ಹೊಗೆಗೋ ಏನೋ, ಕಣ್ಣೆಲ್ಲ ನೀರು. ಬೀದಿಯಲ್ಲಿ ಮೊಳಕಾಲು ನೀರು, ಒಂದು ಆಟೋ ಇಲ್ಲ. ಪಿಂಚಣಿ ತರಲು ಹೋದ ಅಪ್ಪ ಅಬಿಡ್ಸಿನಲ್ಲಿ ಸಿಕ್ಕಿಬಿದ್ದಿದ್ದರು. ಹಾಲು ಹಿಂಡಿ ಕೊಟ್ಟೆ, ಅವ್ವ ಬೆರಳು ಅದ್ದಿ ಅದ್ದಿ ತುಟಿಗೆ ಸವರಿದಳು. ಕೂಸಿನ ಬೆನ್ನು ನೀವುತ್ತಾ ಇದ್ದಳು, ಒಂದೇ ಸಮನೆ.

ಆರೂವರೆಗೆ ಕೂಸು ಒಂದು ಸಲ ಕೀರಲು ದನಿ ತೆಗೆಯಿತು. ಬೆಕ್ಕಿನ ಮರಿಯ ಹಾಗೆ. ಏಳಕ್ಕೆ ಬೆರಳು ಚೀಪಿತು. ಏಳೂವರೆಗೆ 36.2. ನನ್ನ ಮೊಲೆ ಹಿಡಿಯಿತು.

ಆಗ ಕೇಳಿದೆ. "ಎಷ್ಟೊತ್ತಿಂದ ಬಡದಿ ಅವ್ವ?"

"ಮಳಿ ಸುರು ಆದಾಗಿಂದ."

ಮಳೆ ಶುರುವಾಗಿದ್ದು ಮೂರಕ್ಕಂತೆ, ಆಮೇಲೆ ಅಪ್ಪ ಹೇಳಿದರು. ಮೂರರಿಂದ ಐದರವರೆಗೆ. ಅವಳ ಅಂಗೈ ನೋಡಿದೆ, ಬಾತಿದೆ. ಹಿಂದಿನ ಪುಟದಲ್ಲಿ ನನ್ನದೇ ಅಕ್ಷರದಲ್ಲಿದೆ — ಈಗ ಬಾ, ಹೇಗೆ ಬರುತ್ತೀ ನೋಡೋಣ. ಹರಿದು ಹಾಕಲು ಹೋದೆ. ಹರಿಯಲಿಲ್ಲ. ಇರಲಿ.

ನಿನ್ನೆ ಬೆಳಿಗ್ಗೆ ಡಾಕ್ಟರಮ್ಮನಿಗೆ ತೋರಿಸಿದೆವು. ಕೂಸು ಚೆನ್ನಾಗಿದೆ. ಅವತ್ತು ಅವ್ವನಿಗೆ ಆದಷ್ಟೇ ಬೈಗುಳ ನನಗೂ ಆಯಿತು. ಅವ್ವ ಪಕ್ಕದಲ್ಲೇ ಕೂತು ಕೇಳಿದಳು. ಖುಷಿಪಟ್ಟಳೋ ಇಲ್ಲವೋ ಮುಖದಲ್ಲಿ ತಿಳಿಯಲಿಲ್ಲ.

12 ಮೇ

ಸಂಧಿ ಗಿಂಧಿ ಏನೂ ಆಗಿಲ್ಲ. ಬೆಳಿಗ್ಗೆ ಅವ್ವ ಕುಲಾವಿ ಕಟ್ಟಿದಳು, ನಾನು ಬಿಚ್ಚಿದೆ. ಮತ್ತೆ ಕಟ್ಟಿದಳು, ಮತ್ತೆ ಬಿಚ್ಚಿದೆ.

"ನೀ ಕ್ಷಮಾ ಗಿಮಾ ಕೇಳಾಕ ಬರಬ್ಯಾಡ. ನನ್ನ ಸಿಟ್ಟು ಇನ್ನಾ ಇಳದಿಲ್ಲ," ಅಂದಳು.

"ನಂದೂ ಇಳದಿಲ್ಲ. ಕೌದಿ ಹೊದಸಿ ಹೊದಸಿ ಜ್ವರಾ ತರಿಸಿದಾಕಿ ನೀನಾ."

"ಹೂಂ. ನಾನಾ."

ಅಷ್ಟೇ. ಒಪ್ಪಿಕೊಂಡಳೋ, ಚುಚ್ಚಿದಳೋ. ಒಂದು ಕೆಮ್ಮು ಬಂತು ಅವಳಿಗೆ. ಆಮೇಲೆ ಇನ್ನೊಂದು.

13 ಮೇ, ಭಾನುವಾರ. ಸಂಜೆ 4

ಅವ್ವನಿಗೆ ಜ್ವರ. 39.4. ಮಳೆಯಲ್ಲಿ ನೆನೆದಿದ್ದು, ಒದ್ದೆ ತಲೆಯಲ್ಲಿ ಕೂತಿದ್ದು. ಹಲ್ಲು ಕಟಕಟ ಅನ್ನುತ್ತಿವೆ. ಹೊರಗೆ ಮತ್ತೆ ಬಿಸಿಲು, ಕೋಣೆ 35.

"ಥಂಡಿ… ಕೌದಿ ಹೊದಸು ವಿಶಾಲಿ."

"ಜ್ವರ ಏರೇತಿ ಅವ್ವ. ಹೊದಸಬಾರದು. ಒದ್ದಿ ಅರಿವಿಲೆ ಒರಸ್ತೀನಿ."

"ಒಲ್ಲೆ. ನಿನ್ನ ಕಡ್ಡಿ ಏನರ ಅನ್ಲಿ. ನನಗ ಹತ್ತೂ ಚಳಿ ಅದಕ್ಕೇನ್ ಗೊತ್ತು?"

ಲ್ಯಾಬಿನ ಹಾಳೆಯಲ್ಲಿ ಎರಡು ಕಾಲಂ ಇರುತ್ತವೆ. ಚರ್ಮ ಎಷ್ಟು ಅಂತ ಒಂದು. ಹೇಗನ್ನಿಸುತ್ತಿದೆ ಅಂತ ಆ ಮನುಷ್ಯನನ್ನೇ ಕೇಳಿ ತುಂಬುವುದು ಇನ್ನೊಂದು. ಎರಡೂ ತುಂಬದಿದ್ದರೆ ನಮ್ಮ ಸಾಹೇಬರು ಹಾಳೆ ವಾಪಸ್ ಎಸೆಯುತ್ತಾರೆ. ಈ ಮನೆಗೆ ಬಂದ ಮೇಲೆ ಎರಡನೆಯದನ್ನು ನಾನು ಯಾರಿಗೂ ಕೇಳಿಲ್ಲ.

ಕೌದಿ ಹಿಡಿದು ಸುಮಾರು ಹೊತ್ತು ನಿಂತೆ. ಹೊದಿಸಿದೆ. ಒಂದೇ. ಎರಡನೆಯದು ಕೇಳಿದಳು, ಕೊಡಲಿಲ್ಲ. ಗುಳಿಗೆ ಕೊಟ್ಟೆ. ನಡುಕ ನಿಂತ ಮೇಲೆ ತೆಗೆಯುತ್ತೇನೆ, ಜಗಳವಾದರೂ ಸರಿ.

ಕೂಸಿಗೆ ಜ್ವರ ಹತ್ತಬಾರದು ಅಂತ ಅವ್ವನನ್ನು ಒಳಗಿನ ಸಣ್ಣ ಕೋಣೆಯಲ್ಲಿ ಮಲಗಿಸಿದ್ದೇವೆ. ಹೊರಡುವಾಗ ಕದ ಎಳೆದುಕೊಂಡೆ. ಕಣ್ಣು ಮುಚ್ಚಿಯೇ ಇದ್ದಳು.

"ಕದಾ ಹಾಕು, ಗಾಳಿ ಬರತೈತಿ. ಚಿಲಕ ಮಾತ್ರ ಹಾಕಬ್ಯಾಡ," ಅಂದಳು.

14 ಮೇ. ಬೆಳಿಗ್ಗೆ 10

ಅವ್ವ 38.1. ಕೂಸು 36.9. ಕೋಣೆ 33.

ಅವ್ವ ಒಂದು ಲೋಟ ಗಂಜಿ ಕುಡಿದಳು. ಉಪ್ಪು ಕಡಿಮೆ ಅಂದಳು. ಹೇಗನ್ನಿಸುತ್ತಿದೆ ಅಂತ ಕೇಳಿದೆ. "ಹೆಂಗಂದ್ರ? ಸಾಯಂಗಿಲ್ಲ ತಗಿ ಇಷ್ಟ ಲಗೂ," ಅಂದಳು. ಹಾಗೇ ಬರೆದುಕೊಂಡಿದ್ದೇನೆ.

ಅಪ್ಪನ ಸ್ಕ್ರೂಡ್ರೈವರ್ ತಂದೆ. ನನ್ನ ಕೋಣೆಯ ಚಿಲಕಕ್ಕೆ ನಾಲ್ಕು ಸ್ಕ್ರೂ. ಅಪ್ಪ ಪೇಪರ್ ಇಳಿಸಿ ನೋಡಿದರು. ಮೂರು ಬಂದವು. ನಾಲ್ಕನೆಯದಕ್ಕೆ ತುಕ್ಕು ಹಿಡಿದಿದೆ, ಎಣ್ಣೆ ಬಿಟ್ಟು, ವರಾಂಡದಲ್ಲಿ ಕಾಯುತ್ತಾ ಇದನ್ನು ಬರೆಯುತ್ತಿದ್ದೇನೆ. ಈಗ ಇನ್ನೊಂದು ಸಲ ತಿರುಗಿಸಿ ನೋ—

ಅವ್ವ ಕರೆಯುತ್ತಿದ್ದಾಳೆ. ಕೂಸು ಎದ್ದಿದೆಯಂತೆ, ಅಲ್ಲಿಂದಲೇ ಗೊತ್ತಾಗಿದೆ ಅವಳಿಗೆ. ನನಗಿನ್ನೂ ಕೇಳಿಸಿಲ್ಲ. ಹೊರಟೆ.